ಪಾರ್ಟಿ ಡೇಟಾ

ಮದುವೆ ಫೋಟೋ ಕೆಲಸದಲ್ಲಿ ಗಿರಾಕಿಗೆ ‘ಪಾರ್ಟಿ’ ಅನ್ನುತ್ತೇವೆ. ಅವರ ಫೋಟೋ, ವಿಡಿಯೋ ಎಲ್ಲ ಸೇರಿ ಪಾರ್ಟಿ ಡೇಟಾ. ಅದನ್ನು ಮುಟ್ಟಬಾರದು. ಈ ಪಾಠ ನನಗೆ ಹೇಳಿಕೊಟ್ಟವರು ಗುಬ್ಬಿಯ ಸ್ಟುಡಿಯೋದವರು. ಅವರು ಮದುವೆ ಶೂಟ್ ಮಾಡಿ ಹಾರ್ಡ್‌ಡಿಸ್ಕ್ ತಂದುಕೊಡುತ್ತಿದ್ದರು, ನಾನು ಮರಳೂರಿನ ಮನೆಯಲ್ಲಿ ಕೂತು ವಿಡಿಯೋ ಎಡಿಟ್ ಮಾಡಿ, ಆಲ್ಬಂ ಡಿಸೈನ್ ಮಾಡಿ ಕೊಡುತ್ತಿದ್ದೆ. ಹದಿನೈದು ವರ್ಷ ಊರವರ ಮದುವೆಗಳನ್ನೆಲ್ಲ ಚೆಂದ ಮಾಡಿಕೊಟ್ಟೆ. ನನ್ನ ಒಬ್ಬಳೇ ಮಗಳ ಬಾಲ್ಯವನ್ನು ಮಾತ್ರ ಕೈಯಾರೆ ಅಳಿಸಿ ಹಾಕಿದೆ.

ಎಂಟು ವರ್ಷದ ಹಿಂದೆ ಈಗಿನ ಲ್ಯಾಪ್‌ಟಾಪ್ ಕೊಂಡಾಗ ಹಳೇ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಅದಕ್ಕೆ ಸುರಿದು, ಹಳೆಯದನ್ನು ಗುಜರಿಗೆ ಹಾಕಿದ್ದೆ. ಎರಡು ವರ್ಷ ಕಳೆಯುವುದರೊಳಗೆ ಡ್ರೈವ್ ತುಂಬಿತು. ಎಷ್ಟು ಜಾಗ ಉಳಿದಿದೆ ಎಂದು ತೋರಿಸುವ ನೀಲಿ ಪಟ್ಟಿ ಕೆಂಪಾಯಿತು. ವಿಡಿಯೋ ಅರ್ಧಕ್ಕೆ ನಿಂತುಹೋಗುತ್ತಿತ್ತು. ಗುಬ್ಬಿಯವರಿಗೆ ಫೋನ್ ಮಾಡಿ, ಹಳೇ ಮದುವೆ ಒಂದೆರಡನ್ನು ತೆಗೆಯಲಾ ಎಂದು ಕೇಳಿದೆ.

“ಅಯ್ಯೋ, ಪಾರ್ಟಿದು ಮುಟ್ಬುಟ್ಟೀರ ಅಕ್ಕ. ಇನ್ನೂ ಸೆಲೆಕ್ಷನ್ ಆಗಿಲ್ಲ. ನಿಮ್ಮನೇದೇನಾದ್ರೂ ಇದ್ರೆ ತೆಗೀರಿ. ನಿಮ್ ಮಗು ಕಣ್ಮುಂದೇ ಅದಲ್ಲ, ಇನ್ನೊಂದ್ ಫೋಟೋ ಹೊಡೆದ್ರಾಯ್ತು ಬುಡಿ.”

ಈ ಸೆಲೆಕ್ಷನ್ ಅನ್ನುವುದು ನಮ್ಮ ಕಸುಬಿನ ದೊಡ್ಡ ರೋಗ. ಮೂರು ಸಾವಿರ ಫೋಟೋದಲ್ಲಿ ಆಲ್ಬಂಗೆ ಯಾವುವು ಬೇಕೆಂದು ಪಾರ್ಟಿಯೇ ಆರಿಸಿ ಹೇಳಬೇಕು. ಹೇಳುವುದಿಲ್ಲ. ಸೊಸೆ ಆರಿಸಿದ್ದು ಅತ್ತೆಗೆ ಆಗುವುದಿಲ್ಲ, ಅತ್ತೆಯದು ನಾದಿನಿಗೆ ಆಗುವುದಿಲ್ಲ. ವರ್ಷಗಟ್ಟಲೆ ಅವರ ಅರಿಶಿನ ಶಾಸ್ತ್ರ, ಧಾರೆ, ಊಟದ ಪಂಕ್ತಿ ಎಲ್ಲ ನನ್ನ ಮನೆಯಲ್ಲಿ ಬಿದ್ದಿರುತ್ತದೆ. ಕೊತ್ತಗೆರೆ ಕಡೆಯ ಒಂದು ಜೋಡಿಯಂತೂ ಸೆಲೆಕ್ಷನ್ ಮುಗಿಸುವ ಮೊದಲೇ ಡೈವೋರ್ಸ್ ತೆಗೆದುಕೊಂಡಿತು. ಅವರಿಬ್ಬರೂ ಬೇರೆಯಾದ ಮೇಲೂ ನನ್ನ ಲ್ಯಾಪ್‌ಟಾಪಿನಲ್ಲಿ ಅವರ ಸಂಸಾರ ಸುಖವಾಗಿಯೇ ಇತ್ತು. ಬೇರೆ ಡಿಸ್ಕ್ ಕೊಳ್ಳಬಾರದಿತ್ತೇ ಎಂದು ಯಾರಾದರೂ ಕೇಳಬಹುದು. ಎರಡು ಕೊಂಡೆ. ಅವೂ ಪಾರ್ಟಿ ಡೇಟಾದಿಂದಲೇ ತುಂಬಿವೆ.

ಹೀಗೆ ನಮ್ಮ ಮನೆಯ ಫೋಲ್ಡರಿಗೆ ಕೈ ಹಾಕಿದೆ. ಮೊದಲು ಹೋದದ್ದು ಸ್ಕೂಲ್ ಡೇ: ಒಂದು ರೆಕ್ಕೆ ಸೊಟ್ಟಗಾದ ಚಿಟ್ಟೆಯ ವೇಷದಲ್ಲಿ ಮಗಳು ಸ್ಟೇಜಿನ ಮೇಲೆ ಅಳುತ್ತ ನಿಂತದ್ದು. ನಾಲ್ಕು ದಿನ ಪಟ್ಟಿ ನೀಲಿಯಾಗಿತ್ತು, ಮತ್ತೆ ಕೆಂಪಾಯಿತು. ಆಮೇಲೆ ಮುಂದಿನ ಹಲ್ಲು ಬಿದ್ದ ದಿನದ ಫೋಟೋಗಳು. ಮತ್ತೆ ಕೆಂಪು. ಚೇಳೂರಿನ ನನ್ನ ತವರಿನಲ್ಲಿ ಅವಳು ಎಮ್ಮೆ ಕರುವಿಗೆ ತನ್ನ ಸ್ವೆಟರ್ ತೊಡಿಸಲು ಹೋಗಿ, ಕರು ಓಡಿ, ಇವಳು ಸಗಣಿಯಲ್ಲಿ ಕೂತ ವಿಡಿಯೋ ಒಂದಿತ್ತು. ಅದನ್ನು ಅಳಿಸುವ ಮುನ್ನ ಎರಡು ಸಲ ನೋಡಿದೆ. ಅವತ್ತೇ ಕುಣಿಗಲ್‌ನ ಒಂದು ಮದುವೆ ಕೊಡಬೇಕಿತ್ತು. ಅಳಿಸಿದೆ. ಕಸದ ಬುಟ್ಟಿಯಲ್ಲೂ ಉಳಿಯದಂತೆ ಅಳಿಸಿದೆ, ಅಲ್ಲಿದ್ದರೂ ಜಾಗ ತಿನ್ನುತ್ತದಲ್ಲ ಎಂದು. ನಾಲ್ಕೈದು ವರ್ಷದಲ್ಲಿ ಆ ಫೋಲ್ಡರ್ ಪೂರ್ತಿ ಬರಿದಾಯಿತು. ಆದರೂ ಡ್ರೈವ್ ತುಂಬುವುದು ನಿಲ್ಲಲಿಲ್ಲ. ಇದರ ಹೊಟ್ಟೆ ಸೇದಿಹೋಗ ಎಂದು ಬೈಯುತ್ತಲೇ ಕೆಲಸ ಮಾಡಿದೆ.

ಹೋದ ವರ್ಷ ಮಗಳಿಗೆ ಕುಣಿಗಲ್‌ನ ಸಂಬಂಧ ಗೊತ್ತಾಯಿತು. ಈಗ ರಿಸೆಪ್ಷನ್ ಎಂದರೆ ಸ್ಟೇಜಿನ ಹಿಂದೆ ದೊಡ್ಡ ಎಲ್‌ಇಡಿ ಪರದೆ, ಅದರಲ್ಲಿ ಹುಡುಗ ಹುಡುಗಿ ತೊಟ್ಟಿಲಿನಿಂದ ಮದುವೆಯವರೆಗೆ ಬೆಳೆದದ್ದನ್ನು ತೋರಿಸುವ ವಿಡಿಯೋ ಇರಲೇಬೇಕು. ಅಂಥವನ್ನು ನಾನೇ ಎಷ್ಟೋ ಮಾಡಿದ್ದೇನೆ.

“ಅಮ್ಮ, ನಾನ್ ಚಿಕ್ಕೋಳಿದ್ದಾಗಿನ್ ಫೋಟೋ ಎಲ್ಲಾ ತೆಗ್ದಿಡು. ನನ್ ವಿಡಿಯೋ ನೀನೇ ಮಾಡ್ಬೇಕು ಕಣಮ್ಮ. ಆ ಎಮ್ಮೆ ಕರುದು ಮಾತ್ರ ಹಾಕ್ಬೇಡ,” ಎಂದು ನಕ್ಕಳು.

“ಹುಡುಕ್ತೀನಿ ಇರೇ,” ಅಂದೆ. ಹುಡುಕಲು ಏನಿತ್ತು? ಮೊದಲ ವರ್ಷದ ಹುಟ್ಟುಹಬ್ಬದ ನಾಲ್ಕು ಪ್ರಿಂಟ್ ಬಿಟ್ಟರೆ ಮನೆಯಲ್ಲಿ ಒಂದು ಚೂರೂ ಇರಲಿಲ್ಲ. ಎರಡು ದಿನ ಸುಳ್ಳು ಹೇಳಿ, ಮೂರನೇ ದಿನ ಲ್ಯಾಪ್‌ಟಾಪ್ ಹೊತ್ತುಕೊಂಡು ತುಮಕೂರು ಪೇಟೆಯ ರಿಪೇರಿ ಅಂಗಡಿಗೆ ಹೋದೆ. ಅಳಿಸಿದ್ದನ್ನು ವಾಪಸ್ ತರಿಸಿಕೊಡಿ ಎಂದು ಕೇಳಿದೆ. ಅಂಗಡಿಯವರು ನನ್ನ ವಯಸ್ಸಿನವರೇ. ಸಂಜೆಯವರೆಗೂ ಏನೇನೋ ಮಾಡಿ ನೋಡಿದರು.

“ಬರಲ್ಲ ಮೇಡಂ. ಆ ಜಾಗದ್ ಮೇಲೆಲ್ಲ ಬೇರೆ ಫೈಲ್ ಬಂದ್ ಕೂತವೆ.”

“ಯಾವ ಫೈಲು? ಪಾರ್ಟಿದಾ?”

“ಅಲ್ಲ, ಇಲ್ನೋಡಿ,” ಎಂದು ಕಣ್ಣಿಗೆ ಕಾಣದಂತೆ ಅಡಗಿದ್ದ ಒಂದು ಫೋಲ್ಡರ್ ತೆರೆದು ತೋರಿಸಿದರು. ನಾನು ಎಡಿಟ್ ಮಾಡುವಾಗಲೆಲ್ಲ ಸಾಫ್ಟ್‌ವೇರ್ ತನ್ನ ಅನುಕೂಲಕ್ಕೆ ಪ್ರತಿ ವಿಡಿಯೋದ ನಕಲೊಂದನ್ನು ಅಲ್ಲಿ ಇಟ್ಟುಕೊಳ್ಳುತ್ತಿತ್ತಂತೆ. ಕೆಲಸ ಮುಗಿದ ಮೇಲೆ ಅದು ಬರೀ ಕಸ. ಅರ್ಧ ಡ್ರೈವ್ ಅದೇ ಇತ್ತು. “ಇದನ್ನ ಒಂದ್ಸಲಾನೂ ಕ್ಲಿಯರ್ ಮಾಡೇ ಇಲ್ವಾ ಮೇಡಂ? ಸೆಟ್ಟಿಂಗ್ಸಲ್ಲೇ ಒಂದ್ ಬಟನ್ ಅದೆ.” ಒತ್ತಿದರು. ಎರಡು ನಿಮಿಷದಲ್ಲಿ ಪಟ್ಟಿ ನೀಲಿಯಾಯಿತು.

ನಾನು ಮಗಳನ್ನು ಒಂದೊಂದು ವಯಸ್ಸಾಗಿ ಅಳಿಸಿ ಜಾಗ ಮಾಡಿಕೊಟ್ಟದ್ದು ಪಾರ್ಟಿಗೂ ಅಲ್ಲ, ಈ ಕಸಕ್ಕೆ. ಯಾರನ್ನು ಬೈಯಲಿ? ಗುಬ್ಬಿಯವರು ಹೇಳಿದರು ನಿಜ, ಆದರೆ ಅವರೇನು ನನ್ನ ಕೈ ಹಿಡಿದು ಅಳಿಸಿಸಲಿಲ್ಲ. ಹದಿನೈದು ವರ್ಷದ ಅನುಭವ ಎಂದು ಮೆರೆಯುತ್ತಿದ್ದ ನನಗೆ ಒಂದು ಬಟನ್ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಲ್ಯಾಪ್‌ಟಾಪ್ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಳ್ಳಲೂ ಮನಸ್ಸಾಗದೆ ಕಾಲ ಬುಡದಲ್ಲಿಟ್ಟೆ.

ಮನೆಗೆ ಬಂದು ಮಗಳಿಗೆ ನಿಜ ಹೇಳಿದೆ.

“ಎಲ್ಲಾನೂ?” ಅಂದಳು.

“ಎಲ್ಲಾನೂ.”

“ಆ ಡೈವೋರ್ಸ್ ಆದೋರ್ದು ಅದಾ?”

ಇದೆ ಎಂದೆ. ಅವಳು ಒಲೆಯ ಮೇಲಿದ್ದ ಹಾಲು ಇಳಿಸಿ ರೂಮಿಗೆ ಹೋದಳು.

ರಿಸೆಪ್ಷನ್ ದಿನ ಪರದೆಯಲ್ಲಿ ಹುಡುಗ ತೆವಳಿದ, ನಡೆದ, ಸೈಕಲ್ ಹೊಡೆದ, ಮೀಸೆ ಬಿಟ್ಟ. ಅವರಮ್ಮ ಬಿಸ್ಕತ್ತಿನ ಡಬ್ಬದಲ್ಲಿ ಎಲ್ಲವನ್ನೂ ಕಾಪಾಡಿದ್ದರು. ಆಕೆಗೆ ಲ್ಯಾಪ್‌ಟಾಪ್ ಆನ್ ಮಾಡಲೂ ಬರುವುದಿಲ್ಲ. ನನ್ನ ಮಗಳು ಕೇಕಿನ ಮುಂದೆ ಕೂತ ಕೂಸಾಗಿದ್ದವಳು ಮರುಕ್ಷಣವೇ ಕಾಲೇಜಿನ ಐಡಿ ಕಾರ್ಡ್ ಹಾಕಿಕೊಂಡು ನಿಂತಳು. ನನ್ನ ಹಿಂದಿನ ಕುರ್ಚಿಯಲ್ಲಿ ಯಾರೋ ಹೆಂಗಸು, “ಹುಡ್ಗಿದು ಫೋಟೋನೇ ತೆಗ್ಸಿಲ್ವಲ್ಲೇ. ಅವರಮ್ಮ ಇದೇ ಕೆಲ್ಸ ಮಾಡೋದಂತೆ,” ಎಂದಳು.

ಆ ಮದುವೆಯನ್ನು ಶೂಟ್ ಮಾಡಿದವರೂ ಗುಬ್ಬಿಯವರೇ. ಎಡಿಟಿಂಗ್ ನನ್ನದೇ ಎಂದುಕೊಂಡು, ಮುಟ್ಟಬಾರದ ಪಾರ್ಟಿ ಡೇಟಾವನ್ನು ಮೊದಲ ಸಲ ಮುಟ್ಟಿದೆ. ಕೊತ್ತಗೆರೆಯವರದು, ಅದರ ಹಿಂದಿನದು, ಮುಂದಿನದು, ಯಾರನ್ನೂ ಕೇಳದೆ ಅಳಿಸಿ ಡ್ರೈವನ್ನೆಲ್ಲ ಖಾಲಿ ಮಾಡಿಕೊಂಡು ಕಾದೆ. ಇಪ್ಪತ್ತು ದಿನವಾದರೂ ಡಿಸ್ಕ್ ಬರಲಿಲ್ಲ. ಫೋನ್ ಮಾಡಿದರೆ ಗುಬ್ಬಿಯವರು, “ಮಗಳೇ ಬಂದ್ ಇಸ್ಕೊಂಡ್ ಹೋದ್ಲಲ್ಲ ಅಕ್ಕ, ನಿಮ್ಗೇಳಿಲ್ವಾ?” ಎಂದರು.

ಮಗಳಿಗೆ ಫೋನ್ ಮಾಡಿದೆ. “ಕುಣಿಗಲ್‌ನಲ್ಲೇ ಒಬ್ರಿಗೆ ಕೊಟ್ಟಿದೀನಿ ಅಮ್ಮ,” ಅಂದಳು.

“ಯಾಕೇ, ನಾನಿಲ್ವಾ? ಎಲ್ಲಾ ಖಾಲಿ ಮಾಡಿಟ್ಟಿದೀನಿ.”

ಅವಳು ಮೆಲ್ಲಗೆ, “ಬೇಡಮ್ಮ. ನಾಳೆ ಇನ್ನೊಂದ್ ಪಾರ್ಟಿ ಬಂದ್ರೆ ನೀನು ಮೊದ್ಲು ಅಳ್ಸೋದು ನಂದೇ,” ಅಂದಳು.