ಕುದುರೆ ತೊಟ್ಟಿಯ ನೀರು

ಟೈಲರಮ್ಮನ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಜಗಳದಿಂದ. ಮಾತಿನ ಜಗಳವಾಗಿದ್ದರೆ ಅವಳು ಯಾರಿಗೂ ಸೋಲುವ ಹೆಂಗಸಲ್ಲ. ಆದರೆ ಗಂಡನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಬಲಗಾಲು ಎಳೆಯುತ್ತಿತ್ತು, ಮಾತು ಪೂರ್ತಿ ನಿಂತಿತ್ತು. ಬುದ್ಧಿಗೇನೂ ಆಗಿಲ್ಲ, ಎಲ್ಲ ತಿಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಊಟಕ್ಕೆ, ಮಾತ್ರೆಗೆ ತಕರಾರಿಲ್ಲದ ಆ ಮನುಷ್ಯ ಸ್ನಾನಕ್ಕೆ ಕರೆದರೆ ಸಾಕು, ಮೈಮೇಲೆ ಬಂದವನ ಹಾಗೆ ಆಡುತ್ತಿದ್ದ. ಅವಳು ಅಂಗಿಯ ಗುಂಡಿಗೆ ಕೈ ಹಾಕಿದರೆ ಕೈ ತಳ್ಳುತ್ತಿದ್ದ, ನೀರು ಹೊಯ್ದರೆ ಮಗ್ಗು ಕಿತ್ತು ಎಸೆಯುತ್ತಿದ್ದ. ಹೋದ ವಾರ ಆ ಮಗ್ಗು ಅವಳ ಹುಬ್ಬಿಗೇ ಬಡಿಯಿತು.

ಊದಿಕೊಂಡ ಹುಬ್ಬು ನೋಡಿ ಮಗಳು ಹೌಹಾರಿದಳು.

“ಸಾಕಮ್ಮ. ಇನ್ನು ನಿನ್ನ ಕೈಲಾಗಲ್ಲ. ಆರೈಕೆ ಕೇಂದ್ರದಲ್ಲಿ ಒಂದು ಹಾಸಿಗೆ ಖಾಲಿ ಇದೆಯಂತೆ. ಭಾನುವಾರ ಬೆಳಿಗ್ಗೆ ಬರ್ತೀವಿ, ಅಪ್ಪನ್ನ ಅಲ್ಲಿಗೆ ಸೇರಿಸೋಣ.”

ಟೈಲರಮ್ಮ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಯಾರದೋ ಪ್ಯಾಂಟಿನ ಅಂಚು ಮಡಿಚುತ್ತಾ ಇದ್ದುಬಿಟ್ಟಳು. ಪಕ್ಕದ ಕೋಣೆಯಲ್ಲಿದ್ದ ಗಂಡನಿಗೆ ಇದೆಲ್ಲ ಕೇಳಿಸಿರುತ್ತದೆ ಎನ್ನುವುದು ಹೊಳೆದದ್ದು ಆಮೇಲೆ. ನಲವತ್ತು ವರ್ಷ ಜೊತೆಗಿದ್ದವನನ್ನು ಒಂದು ಹಾಸಿಗೆಗೆ ಒಪ್ಪಿಸಿ ಬರುವುದೆಂದರೆ ಹೇಗೆ? ಹಾಗಂತ ದಿನಾ ಹೊಡೆತ ತಿನ್ನುವುದಾದರೂ ಹೇಗೆ?

ಮನೆಯಲ್ಲಿ ಅವರಿಬ್ಬರೂ ಜಗಳವಿಲ್ಲದೆ ಕೂರುತ್ತಿದ್ದ ಹೊತ್ತೆಂದರೆ ಮಧ್ಯಾಹ್ನದ ಆಟದ್ದು. ಅಳಿಯ ತಾನು ಆಡಿ ಮುಗಿಸಿದ ವಿಡಿಯೋ ಗೇಮನ್ನು ತಂದು ಟಿವಿಗೆ ಸಿಕ್ಕಿಸಿ ಕೊಟ್ಟಿದ್ದ. ನೂರಾರು ವರ್ಷ ಹಿಂದಿನ ಕಾಲ, ಕೋಟೆ, ಕಾಡು, ಕೆಸರಿನ ದಾರಿ, ಕತ್ತಿ ಕಟ್ಟಿಕೊಂಡ ಒಬ್ಬ ಸವಾರ. ಅವನನ್ನು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಬಹುದು.

“ಮಾವನ ಎಡಗೈಗೆ ಒಳ್ಳೆ ಕಸರತ್ತು ಅತ್ತೆ. ಇದರಲ್ಲಿ ಮಾಟಮಂತ್ರ ಏನೂ ಇಲ್ಲ, ಎಲ್ಲ ನಿಜವಾದ ಬದುಕಿನ ಹಾಗೇ. ಹಸಿವಾದ್ರೆ ತಿನ್ನಿಸಬೇಕು, ದಣಿದ್ರೆ ಮಲಗಿಸಬೇಕು. ಮೈ ಕೊಳೆಯಾದ್ರೆ ಊರಲ್ಲಿ ಯಾರೂ ಹತ್ತಿರ ಸೇರಿಸಲ್ಲ, ಸ್ನಾನ ಮಾಡಿಸಬೇಕು.”

“ಆಟದಲ್ಲೂ ಸ್ನಾನದ ರಗಳೆನಾ? ನಮ್ಮನೇಲಿ ಇರೋದು ಸಾಲದಾ?” ಎಂದು ಟೈಲರಮ್ಮ ಹಣೆ ಚಚ್ಚಿಕೊಂಡಿದ್ದಳು.

ಆಟದ ರಿಮೋಟಿಗೆ ಎರಡು ಕೈ ಬೇಕು. ಗಂಡನ ಎಡಗೈ ಸವಾರನನ್ನು ನಡೆಸುತ್ತಿತ್ತು. ಬಲಗಡೆಯ ಗುಂಡಿಗಳನ್ನು ಒತ್ತುವ ಕೆಲಸ ಅವಳದು. ಅವನು ಬೆರಳಿನಿಂದ ಅವಳ ಕೈಮೇಲೆ ತಟ್ಟಿದರೆ ಒತ್ತಬೇಕು, ತಟ್ಟದಿದ್ದರೆ ಸುಮ್ಮನಿರಬೇಕು. ಸವಾರ ಎಷ್ಟೋ ಸಲ ಇವರಿಬ್ಬರ ಎಡವಟ್ಟಿನಿಂದ ಕುದುರೆ ಹತ್ತಲು ಹೋಗಿ ಬೇಲಿ ಹತ್ತಿದ್ದುಂಟು.

ಆ ಶನಿವಾರ ಸವಾರ ಕೆಸರಲ್ಲಿ ಹೊರಳಿ ಎದ್ದಿದ್ದ. ಊರೊಳಗೆ ಬಂದರೆ ಅಂಗಡಿಯವನು ಮೂಗು ಮುಚ್ಚಿಕೊಂಡ, ಹೆಂಗಸೊಬ್ಬಳು ದಾರಿ ಬದಲಿಸಿದಳು. ಬೀದಿಯ ಕೊನೆಯಲ್ಲಿ ಸ್ನಾನದ ಮನೆಯಿತ್ತು. ಬಾಗಿಲಲ್ಲಿ ಬಕೆಟ್ಟು ಹಿಡಿದ ಹೆಂಗಸೊಬ್ಬಳು ಬಂದವರ ಮೈ ತಿಕ್ಕಲು ಕಾಯುತ್ತಿದ್ದಳು.

“ಹೋಗ್ರೀ ಒಳಗೆ. ಒಂದೇ ಸಲಕ್ಕೆ ಬಟ್ಟೆ ಸಮೇತ ತೊಳೆದು ಕಳಿಸ್ತಾಳಂತೆ,” ಎಂದಳು ಟೈಲರಮ್ಮ.

ಸವಾರ ಬಾಗಿಲ ತನಕ ಹೋದ. ಆ ಹೆಂಗಸು ಕೈ ಚಾಚಿದಳು. ಗಂಡನ ಬೆರಳು ತಟ್ಟಲಿಲ್ಲ. ಸವಾರ ಹಿಂದಿರುಗಿ, ಲಾಯದ ಪಕ್ಕ ಕುದುರೆಗಳು ನೀರು ಕುಡಿಯುವ ತೊಟ್ಟಿಯ ಹತ್ತಿರ ನಿಂತ. ಆಗ ತಟ್ಟಿದ. ಅವಳು ಒತ್ತಿದಳು. ಸವಾರ ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ತನ್ನ ಮುಖ ತಾನೇ ತೊಳೆದುಕೊಂಡ. ಅಂಗಿಯ ಕೆಸರು ಹಾಗೇ ಉಳಿಯಿತು.

“ಅರೆಬರೆ ಆಯ್ತಲ್ರೀ,” ಎನ್ನುತ್ತಾ ಅವಳು ಗಂಡನ ಕಡೆ ತಿರುಗಿದಳು. ಅವನು ಅವಳನ್ನೇ ನೋಡುತ್ತಿದ್ದ. ಮತ್ತೆ ತಟ್ಟಿದ. ಸವಾರ ಮತ್ತೆ ಮುಖ ತೊಳೆದುಕೊಂಡ. ಮತ್ತೂ ತಟ್ಟಿದ, ಈ ಸಲ ಜೋರಾಗಿ. ಕಣ್ಣು ಅವಳ ಮುಖದಿಂದ ಕದಲಲಿಲ್ಲ.

ಅವನು ಹೇಳುತ್ತಿರುವುದು ಸವಾರನ ಸ್ನಾನದ ಮಾತಲ್ಲ, ತನ್ನದು ಎಂದು ಅವಳಿಗೆ ಹೊಳೆಯಿತು. ಗಂಡ ಮೂರು ದಶಕ ಸಲೂನು ನಡೆಸಿದವನು. ಊರಿನ ಎಷ್ಟು ತಲೆಗಳನ್ನು ಆ ಕೈ ಹಿಡಿದಿತ್ತೋ. ಆದರೆ ಎಷ್ಟೇ ಹಳೆಯ ಗಿರಾಕಿಯಾದರೂ ಮೈ ಮುಟ್ಟುವ ಮೊದಲು ಕನ್ನಡಿಯಲ್ಲಿ ಅವರ ಕಣ್ಣು ನೋಡಿ “ಶುರು ಮಾಡ್ಲಾ?” ಎಂದು ಕೇಳದೆ ಇದ್ದವನಲ್ಲ. ಅಂಥವನನ್ನು ಅವಳು ದಿನಾ ಬೆಳಿಗ್ಗೆ, ಒಂದು ಮಾತೂ ಕೇಳದೆ, ಹಳೇ ಬಟ್ಟೆಯ ಹೊಲಿಗೆ ಬಿಚ್ಚಿದ ಹಾಗೆ ಬಿಚ್ಚಿ ತಿಕ್ಕಿದ್ದಳು. ಮುಗಿದರೆ ಸಾಕು ಎಂಬ ಅವಸರ ಅವಳಿಗೆ. ನಾಚಿಕೆಯಿಂದ ಅವಳ ಮುಖ ಬಿಸಿಯಾಯಿತು. ಸಂಜೆ ಹಳೆಯ ಟವೆಲ್ಲೊಂದನ್ನು ಕತ್ತರಿಸಿ, ಎಡಗೈ ತೂರುವಂಥ ಚೀಲ ಹೊಲಿದಳು. ಸೋಪಿಗೆ ಅದರೊಳಗೇ ಒಂದು ಜೇಬು ಇಟ್ಟಳು.

ಭಾನುವಾರ ಬೆಳಿಗ್ಗೆ ಬಚ್ಚಲಲ್ಲಿ ಸ್ಟೂಲನ್ನು ಗೋಡೆಗೆ ಒತ್ತಿಸಿ, ಬಕೆಟ್ಟು ಮಗ್ಗುಗಳನ್ನು ಎಡಕ್ಕೆ ಇಟ್ಟು, ಗಂಡನನ್ನು ಕೂರಿಸಿದಳು.

“ನಾನು ಶುರು ಮಾಡ್ಲಾ? ಇಲ್ಲ, ನೀವೇ ಮಾಡ್ಕೋತೀರಾ?”

ಅವನು ಅವಳನ್ನು ನೋಡಿದ, ಚೀಲ ನೋಡಿದ, ಎಡಗೈ ಚಾಚಿದ. ಅವಳು ಅದನ್ನು ತೊಡಿಸಿ, ಹೊರಗೆ ಬಂದು ಬಾಗಿಲು ಮುಂದೆ ಮಾಡಿದಳು.

ಮಗಳು ಅಳಿಯ ಬಂದಾಗ ಅವಳು ಆ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದಳು.

“ಒಳಗೆ ಅಪ್ಪ ಒಬ್ರೇನಾ? ನಿನಗೇನು ತಲೆ ಕೆಟ್ಟಿದೆಯಾ ಅಮ್ಮ?”

ಅಷ್ಟರಲ್ಲಿ ಒಳಗೆ ಏನೋ ದಡಾರನೆ ಬಿತ್ತು. ಮಗಳು ನುಗ್ಗಿದಳು. ಟೈಲರಮ್ಮ ಎರಡೂ ಕೈ ಅಡ್ಡ ಹಿಡಿದಳು.

“ನಿಲ್ಲು.”

“ಬಿದ್ದಿದ್ರೆ?”

“ಬಿದ್ದಿದ್ರೆ ನಾನೇ ಎತ್ತುತ್ತೀನಿ. ನಿಲ್ಲು.”

ಹಾಗಂದಳೇ ಹೊರತು ಜೀವ ಬಾಯಿಗೆ ಬಂದಿತ್ತು. ಒಳಗೆ ಸದ್ದಿಲ್ಲ. “ರೀ” ಎಂದು ಕೂಗಲು ಬಾಯಿ ತೆರೆದಳು. ಅಷ್ಟರಲ್ಲಿ ಬಿದ್ದ ಮಗ್ಗನ್ನು ನೆಲದ ಮೇಲೆ ಕರಕರ ಎಂದು ಎಳೆದುಕೊಂಡ ಸದ್ದು, ಆಮೇಲೆ ಮೈಮೇಲೆ ನೀರು ಸುರಿದ ಸದ್ದು ಕೇಳಿಸಿತು. ಮಗಳು ಗೋಡೆಗೆ ಒರಗಿ ಅಲ್ಲೇ ಕೂತುಬಿಟ್ಟಳು.

ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಪಂಚೆ ವಕ್ರವಾಗಿ ಸುತ್ತಿಕೊಂಡು, ಚೌಕಟ್ಟು ಹಿಡಿದು ಗಂಡ ನಿಂತಿದ್ದ. ಬೆನ್ನಿಗೆ ನೀರೇ ಬಿದ್ದಂತಿರಲಿಲ್ಲ. ಕಿವಿಯ ಹಿಂದೆ ಸೋಪಿನ ನೊರೆ. ಸಲೂನಿನಲ್ಲಿ ಯಾವ ಗಿರಾಕಿಯನ್ನೂ ಹಾಗೆ ಕಳಿಸಿದವನಲ್ಲ. ಮನೆಯಲ್ಲೇ ಇಟ್ಟುಕೊಂಡರೆ ನಾಳೆ ಜಾರಿ ಬೀಳಲೂಬಹುದು, ಆಮೇಲೆ ಮಗಳಿಗೆ ಏನು ಉತ್ತರ ಕೊಡುವುದು ಎನ್ನುವ ಭಯ ಟೈಲರಮ್ಮನನ್ನು ಬಿಟ್ಟಿರಲಿಲ್ಲ.

ಒರೆಸಲೆಂದು ಅವಳ ಕೈ ತಾನಾಗಿ ಮೇಲೆದ್ದಿತು. ಅರ್ಧಕ್ಕೆ ತಡೆದಳು.

“ಒರೆಸ್ಲಾ?”

ಅವನು ಚೌಕಟ್ಟು ಹಿಡಿದಿದ್ದ ಕೈಯ ಒಂದು ಬೆರಳಿನಿಂದ ಮರದ ಮೇಲೆ ತಟ್ಟಿ, ತಲೆಯನ್ನು ಅವಳ ಕಡೆಗೆ ಬಾಗಿಸಿದ.