ಎಲಿಗೆ ಬಲ

ಜಗದೇವಿಯ ಅಂಜಿಕೆ ಚೆನ್ನೈಗೆ ಬಂದ ಮೇಲೆ ಹುಟ್ಟಿದ್ದಲ್ಲ. ಕಲಬುರಗಿಯಲ್ಲಿದ್ದಾಗಲೂ ಕುಕ್ಕರ್ ಸೀಟಿ ಹೊಡೆದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ ಹೆಂಗಸು ಅವಳು. ಗಂಡ ಗುರುಬಸಪ್ಪ ಬದುಕಿದ್ದಾಗ ಅದನ್ನು ಆಡಿಕೊಂಡು ನಗುತ್ತಿದ್ದ. ಅವನು ಹೋದ ಮೇಲೆ ನಗುವವರೂ ಇಲ್ಲದೆ ಅಂಜಿಕೆ ತನ್ನ ಪಾಡಿಗೆ ತಾನು ಬೆಳೆಯಿತು. ಮಗ ಪ್ರಭುದೇವ ಅವಳನ್ನು ಮಾಧವರಂನ ತನ್ನ ಮನೆಗೆ ಕರೆತಂದದ್ದೇ ತಡ, ಅಂಜಲು ಹೊಸ ಹೊಸ ಸಾಮಾನು ಸಿಕ್ಕಿತು. ಲಿಫ್ಟು, ಕೆಳಗಿನ ರಸ್ತೆಯ ನೀರಿನ ಲಾರಿಗಳು, ಬಾಗಿಲಲ್ಲಿ ನಿಂತು ತಮಿಳಿನಲ್ಲಿ ಏನೋ ಕೇಳುವ ಕೊರಿಯರ್ ಹುಡುಗರು. ತಮಿಳು ಅವಳಿಗೆ ಒಂದಕ್ಷರ ಬಾರದು. ಯಾರಾದರೂ ಮಾತಾಡಿಸಿದರೆ ಸುಮ್ಮನೆ ನಕ್ಕು ಒಳಗೆ ಹೋಗಿಬಿಡುತ್ತಿದ್ದಳು.

ಇವೆಲ್ಲಕ್ಕಿಂತ ದೊಡ್ಡ ಅಂಜಿಕೆ ಕಾರ್ಖಾನೆಗಳ ಊರಾದ ಮಣಲಿಯ ಬೆಂಕಿಯದು. ಬಾಲ್ಕನಿಯಲ್ಲಿ ನಿಂತರೆ ದೂರದಲ್ಲಿ ಎತ್ತರದ ಕೊಳವೆಯೊಂದು ಕಾಣುತ್ತಿತ್ತು. ಅದರ ತುದಿಯಲ್ಲಿ ಹಗಲೂ ರಾತ್ರಿ ಒಂದು ಜ್ವಾಲೆ. ಪ್ರಭುದೇವನ ಕೆಲಸ ಅಲ್ಲಿಯ ರಾಸಾಯನಿಕ ಕಾರ್ಖಾನೆಯಲ್ಲಿ. ಆ ಬೆಂಕಿ ಸಣ್ಣಗೆ ಉರಿಯುತ್ತಿದ್ದರೆ ಒಳಗೆ ಎಲ್ಲ ಸರಿಯಿದೆ ಎಂದೇ ಅರ್ಥ ಎಂದು ಅವನು ತಾಯಿಗೆ ಸಮಾಧಾನ ಹೇಳಿದ್ದ. ಹೇಳಬಾರದಿತ್ತು. ಅಂದಿನಿಂದ ವಿಭೂತಿ ಹಚ್ಚಿ ಲಿಂಗಪೂಜೆ ಮುಗಿಸಿದ ಮೇಲೆ ಬಾಲ್ಕನಿಗೆ ಹೋಗಿ ಬೆಂಕಿಯನ್ನು ನೋಡಿಯೇ ಅವಳು ಚಹಾ ಕುಡಿಯುತ್ತಿದ್ದಳು.

ಸೊಸೆ ಕೋಮಲಾ ವಡಪಳನಿಯ ಡಬ್ಬಿಂಗ್ ಸ್ಟುಡಿಯೋ ಒಂದರಲ್ಲಿ ತಮಿಳು ಧಾರಾವಾಹಿಗಳಿಗೆ ಕನ್ನಡ ಮಾತು ಬರೆಯುತ್ತಿದ್ದಳು. ಊರಿಗೆಲ್ಲ ಕನ್ನಡ ಬರೆದುಕೊಡುವವಳ ಮಗಳ ಬಾಯಲ್ಲಿ ಮಾತ್ರ ಕನ್ನಡ ನಿಲ್ಲದು. ಎಂಟು ವರ್ಷದ ತೇಜಶ್ರೀಗೆ ಅಜ್ಜಿ, ಅವಳ ಆಯಿ, ಹೇಳಿದ್ದೆಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ. ಹೀಗೆ ಅಜ್ಜಿ ಮೊಮ್ಮಗಳ ನಡುವಿನ ಮಾತು ಯಾವಾಗಲೂ ಅರ್ಧ ದಾರಿಯಲ್ಲೇ ನಿಲ್ಲುತ್ತಿತ್ತು. ಉಳಿದರ್ಧವನ್ನು ತುಂಬುತ್ತಿದ್ದದ್ದು ಒಂದು ಮೊಬೈಲ್ ಆಟ.

ಅದನ್ನು ಅಪ್ಪ ಮಗಳು ಕೂಡಿ ಪ್ರಭುದೇವನ ಹಳೆಯ ಫೋನಿನಲ್ಲಿ ಆಡುತ್ತಿದ್ದರು. ಚಿತ್ರವಿಚಿತ್ರ ಪ್ರಾಣಿಗಳನ್ನು ಹುಡುಕಿ ಹಿಡಿದು ಸಾಕುವುದು, ಆಮೇಲೆ ಅವುಗಳಿಂದ ದೊಡ್ಡ ಭೂತಗಳ ಮೇಲೆ ಯುದ್ಧ ಮಾಡಿಸುವುದು. ಅಗಲಕಿವಿಯ ಇಲಿ, ಎರಡು ಕಾಲಿನ ಮೇಲೆ ನಡೆಯುವ ಎಲೆ, ಸದಾ ವಟಗುಟ್ಟುವ ಗಿಳಿ, ಇನ್ನೂ ಎಷ್ಟೋ ಕಲ್ಲು, ಹುಳ, ಬಸವನಹುಳ. ಪ್ರತಿಯೊಂದರ ಕೆಳಗೂ ತೇಜು ಇಂಗ್ಲಿಷಿನಲ್ಲಿ ಒಂದೊಂದು ಹೆಸರು ಬರೆದಿದ್ದಳು. ಜಗದೇವಿಗೆ ಓದಲು ಬರುತ್ತಿದ್ದದ್ದು ಕನ್ನಡ ಮಾತ್ರ, ಅದೂ ಕೂಡಿಸಿ ಕೂಡಿಸಿ. ಹಾಗಾಗಿ ಆ ಹೆಸರುಗಳು ಏನೆಂದು ಅವಳು ಕೇಳಿರಲಿಲ್ಲ.

ಆಟದ ಒಂದು ನಿಯಮ ಮಾತ್ರ ಅವಳಿಗೆ ಚೆನ್ನಾಗಿ ತಿಳಿದಿತ್ತು, ಏಕೆಂದರೆ ಅದು ಅವಳಿಗೆ ಹಿಡಿಸಿರಲಿಲ್ಲ. ಒಂದು ಪ್ರಾಣಿಗೆ ಬಲ ಬರಬೇಕೆಂದರೆ ಇನ್ನೊಂದನ್ನು ಅದಕ್ಕೆ ತಿನಿಸಬೇಕು. ತಿನಿಸಿದ್ದು ಮತ್ತೆ ಬರುವುದಿಲ್ಲ. ಯಾವುದನ್ನು ಬೆಳೆಸುವುದು, ಯಾವುದನ್ನು ತಿನಿಸುವುದು ಎಂದು ಅಪ್ಪ ಮಗಳು ಊಟದ ತಟ್ಟೆಯ ಮುಂದೆ ಕೂತು ಚರ್ಚೆ ಮಾಡುತ್ತಿದ್ದರು. ಎಲ್ಲದಕ್ಕೂ ಚೂರು ಚೂರು ಬಲ ಕೊಟ್ಟರೆ ಒಂದೂ ಉಳಿಯುವುದಿಲ್ಲ, ಎರಡು ಮೂರನ್ನು ಆರಿಸಿಕೊಂಡು ಅವಕ್ಕೇ ಸುರಿಯಬೇಕು ಎನ್ನುತ್ತಿದ್ದ ಪ್ರಭುದೇವ. ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಇದೆಂಥ ಆಟ ಎಂದು ಜಗದೇವಿ ಗೊಣಗುತ್ತಿದ್ದಳು. ಗೊಣಗುತ್ತಲೇ ಮೊಮ್ಮಗಳ ಪಕ್ಕ ಕೂತು, ಎಲೆಯಡಿಕೆ ಮೆಲ್ಲುತ್ತ, ಯಾವುದನ್ನು ಮೊದಲು ಮುಟ್ಟಬೇಕು, ಯಾವುದನ್ನು ಆಮೇಲೆ, ಹಸಿರು ಗುಂಡಿ ಎಲ್ಲಿ ಎಂಬುದನ್ನೆಲ್ಲ ಕಲಿತುಬಿಟ್ಟಿದ್ದಳು. ಒತ್ತುವ ಧೈರ್ಯ ಮಾತ್ರ ಬಂದಿರಲಿಲ್ಲ.

ಆ ದಿನ ಸಂಜೆ ಮನೆಯಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೇ. ಜಗದೇವಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ದಪ್ ಎಂದು ಸದ್ದಾಗಿ ಕಿಟಕಿಯ ಗಾಜುಗಳೆಲ್ಲ ಅದುರಿದವು. ತಿರುಗಿ ನೋಡಿದರೆ ಮಣಲಿಯ ಕಡೆ ಕಪ್ಪು ಹೊಗೆ ಏಳುತ್ತಿತ್ತು. ದಿನವೂ ಕಾಣುವ ಜ್ವಾಲೆ ಎಲ್ಲಿದೆಯೆಂದೇ ತಿಳಿಯಲಿಲ್ಲ. ಬಟ್ಟೆಯನ್ನು ಅಲ್ಲೇ ಬಿಟ್ಟು ಒಳಗೆ ಓಡಿದಳು. ತನ್ನ ಗುಂಡಿಯ ಫೋನು ಹಿಡಿದು ಮಗನಿಗೆ ಮಾಡಿದಳು, ಮತ್ತೆ ಮತ್ತೆ ಮಾಡಿದಳು. ಪ್ರತಿಸಲವೂ ಒಬ್ಬ ಹೆಂಗಸು ತಮಿಳಿನಲ್ಲಿ ಏನೋ ಹೇಳುತ್ತಿದ್ದಳು. ಕೆಲಸದ ಹೊತ್ತಿನಲ್ಲಿ ಫೋನುಗಳನ್ನು ಗೇಟಿನಲ್ಲೇ ಇಡಿಸಿಕೊಳ್ಳುತ್ತಾರೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಆ ಹೆಂಗಸು ಏನನ್ನೋ ಮುಚ್ಚಿಟ್ಟುಕೊಂಡೇ ಮಾತಾಡುತ್ತಿದ್ದಾಳೆ ಎನ್ನಿಸಿತು. ಕೋಮಲಾ ರೆಕಾರ್ಡಿಂಗಿನಲ್ಲಿದ್ದಳೇನೋ, ಫೋನು ಎತ್ತಲಿಲ್ಲ.

ತೇಜುವೂ ಹೊಗೆಯನ್ನು ನೋಡಿದಳು. ಅಳಲಿಲ್ಲ. ಆಟ ತೆರೆದು ಕೂತಳು. ಕತ್ತಲಾಗುವವರೆಗೆ ತಿನಿಸಿದ್ದಕ್ಕೆಲ್ಲ ಎರಡು ಪಟ್ಟು ಬಲ ಎಂದು ಆಟದವರು ಅಂದು ಹೇಳಿದ್ದರಂತೆ. ಈಗಲೇ ಬಲ ಮಾಡಬೇಕು, ಮಾಡಿದರೆ ಅಪ್ಪನಿಗೆ ಏನೂ ಆಗುವುದಿಲ್ಲ ಎಂಬಂತೆ ಅವಳು ತಮಿಳಿನಲ್ಲಿ ಗುನುಗುತ್ತಿದ್ದಳು. ಅಷ್ಟರಲ್ಲಿ ಕೆಳಮನೆಯ ಆಂಟಿ ಮೆಟ್ಟಿಲಿನಿಂದ ಕೂಗಿದರು. ಅವರ ಗಂಡನೂ ಮಣಲಿಯಲ್ಲೇ. ಅಲ್ಲಿ ಏನಾದರೂ ಸುದ್ದಿ ತಿಳಿದೀತೆಂದು ತೇಜು ಎದ್ದಳು. ಹೋಗುವಾಗ ಆಟದ ಫೋನನ್ನು ಅಜ್ಜಿಯ ಕೈಗಿಟ್ಟು ಹೇಳಿದಳು.

"ಆಯಿ, ಎಲಿಯೆ ಸ್ಟ್ರಾಂಗ್ ಆಕ್ಕು."

ಎಲಿ. ಕಲಬುರಗಿಯವರ ಬಾಯಲ್ಲಿ ಎಲೆ ಎಂದರೆ ಎಲಿ, ಬಾಳಿ ಎಲಿ, ಎಲಿ ಅಡಿಕಿ. ಎಲಿಗೆ ಬಲ ಮಾಡು ಎಂದು ಕೂಸು ಎಂದೂ ಇಲ್ಲದೆ ಅಜ್ಜಿಯ ಮಾತಿನಲ್ಲಿ ಹೇಳಿತಲ್ಲ ಎಂದು ಆ ಗಾಬರಿಯಲ್ಲೂ ಜಗದೇವಿಗೆ ಒಂದಿಷ್ಟು ಹಿತವಾಯಿತು. ಕನ್ನಡಕ ಏರಿಸಿ ಕೂತಳು. ಎಲೆಯನ್ನು ಮುಟ್ಟಿದಳು. ಇನ್ನು ಅದಕ್ಕೆ ಏನನ್ನು ತಿನಿಸುವುದು? ಪಕ್ಕದಲ್ಲೇ ಅಗಲಕಿವಿಯ ಇಲಿ ಮೀಸೆ ಕುಣಿಸುತ್ತ ನಿಂತಿತ್ತು. ಮೈಕೈ ತುಂಬಿಕೊಂಡಿತ್ತು, ಒಳ್ಳೆಯ ಬಲವೇ ಬಂದೀತು. ಅದಲ್ಲದೆ ಇಲಿಯನ್ನು ಕಂಡರೆ ಅವಳಿಗೆ ಮೊದಲಿಂದಲೂ ಆಗದು. ಇಲಿಯನ್ನು ಮುಟ್ಟಿದಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬಂತು. ಏನು ಕೇಳುತ್ತಿದೆಯೋ ಶಿವನೇ ಬಲ್ಲ ಎಂದುಕೊಂಡು ಹಸಿರು ಗುಂಡಿ ಒತ್ತಿದಳು. ಇಲಿ ಬೆಳಕಾಗಿ ಕರಗಿತು. ಎಲೆ ಎರಡರಷ್ಟಾಗಿ ಬೆಳೆದು ಗಿರ್ರನೆ ತಿರುಗಿ ನಿಂತಿತು. ತಪ್ಪಿಲ್ಲದೆ ಮಾಡಿದೆನಲ್ಲ ಎಂದು ಅವಳಿಗೆ ಹೆಮ್ಮೆಯಾಯಿತು.

ತೇಜು ಬರಿಗೈಯಲ್ಲಿ ಮೇಲೆ ಬಂದಳು, ಆಂಟಿಗೂ ಏನೂ ತಿಳಿದಿರಲಿಲ್ಲ. ಫೋನು ನೋಡಿದಳು. ಬೆರಳಿನಿಂದ ಪುಟಗಳನ್ನು ಹಿಂದೆ ಮುಂದೆ ತಳ್ಳಿ ಏನನ್ನೋ ಹುಡುಕಿದಳು.

"ಎಲಿ ಎಂಗೆ?"

"ಇಲ್ಲೇ ಅದಲ್ಲವ್ವ. ನೋಡು, ಎಷ್ಟು ದೊಡ್ಡದಾಗ್ಯಾದ," ಎಂದು ಜಗದೇವಿ ಎಲೆಯನ್ನು ತೋರಿಸಿದಳು.

ಕೂಸು ಎರಡೂ ಅಂಗೈಗಳನ್ನು ತಲೆಯ ಬಳಿ ಹಿಡಿದು ಅಗಲ ಕಿವಿ ಮಾಡಿ ತೋರಿಸಿತು. ತಮಿಳಿನಲ್ಲಿ ಇಲಿಗೆ ಎಲಿ ಎನ್ನುತ್ತಾರೆಂದು ಜಗದೇವಿಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ತೇಜು ಖಾಲಿ ಜಾಗದ ಮೇಲೆ ಬೆರಳಿಟ್ಟಳು, ಆಮೇಲೆ ಎಲೆಯ ಮೇಲಿಟ್ಟಳು.

"ಅದು ಅಪ್ಪ," ಎಂದಳು. "ಇದು ನೀ."

ಈ ಮಾತು ಮಾತ್ರ ಎರಡು ಭಾಷೆಯಲ್ಲೂ ಒಂದೇ. ತಪ್ಪು ತಿಳಿಯಲು ಎಲ್ಲೂ ಜಾಗವಿರಲಿಲ್ಲ. ವಾರ ಬಿಟ್ಟು ವಾರ ರಾತ್ರಿ ಪಾಳಿಗೆ ಹೋಗಿ ಬೆಳಗಿಗೆ ಬರುವ ಅಪ್ಪ ಇಲಿ. ದಿನವಿಡೀ ಮಾತು ಬರೆಯುವ ಅಮ್ಮ ಗಿಳಿ. ಎಲೆಯಡಿಕೆಯ ಅಜ್ಜಿ ಎಲೆ. ಆ ಮೂರರ ಕೆಳಗಿನ ಇಂಗ್ಲಿಷ್ ಹೆಸರುಗಳು ಮನೆಯವರದೇ ಆಗಿದ್ದವು. ಮಗನ ತಟ್ಟೆಗೆ ಕೆನೆ ಬಡಿಸಿ ತಾನು ನೀರುಮಜ್ಜಿಗೆ ಉಂಡು ಬೆಳೆಸಿದವಳು, ಇವತ್ತು ಅವನು ಬೆಂಕಿಯ ಬಾಯಲ್ಲಿರುವಾಗ, ಅವನನ್ನೇ ತನಗೆ ತಿನಿಸಿಕೊಂಡಿದ್ದಳು.

ಅದು ಆಟ, ಬರಿ ಚಿತ್ರ ಎಂದು ನಾವು ನೀವು ಹೇಳಬಹುದು. ಹೊಗೆ ನೋಡುತ್ತ ನಿಂತ ತಾಯಿಗೆ ಅದನ್ನು ಹೇಳಿ ನೋಡಬೇಕು. ಜಗದೇವಿ ಆ ಖಾಲಿ ಜಾಗವನ್ನು ತಾನೂ ಒತ್ತಿ ನೋಡಿದಳು. ತಿರುಗಿಸಲು ಬರುತ್ತದೆಯೇ, ಎಲೆಯನ್ನು ಕೊಟ್ಟು ಇಲಿಯನ್ನು ಬಿಡಿಸಿಕೊಳ್ಳಬಹುದೇ ಎಂದು ಕೇಳಿದಳು. ತೇಜು ತಲೆಯಾಡಿಸಿದಳು. ಆಗ ಅವಳು ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, ಬಸವಾ, ನನಗ ತಿಳೀಲಿಲ್ಲ, ಬೇಕಾದರ ನನ್ನ ತಗೋ ಎಂದು ಬೇಡಿದಳು. ಇನ್ನು ಆ ಮನೆಯೊಳಗೆ ನಿಲ್ಲಲು ಆಗಲಿಲ್ಲ. ಕೂಸಿನ ಕೈ ಹಿಡಿದು ಹೊರಬಿದ್ದಳು. ಲಿಫ್ಟಿನಲ್ಲಿ ಇಳಿದೆನೆಂಬುದು ಅವಳಿಗೆ ನೆನಪಾದದ್ದು ಮರುದಿನ.

ಕಾರ್ಖಾನೆಯ ಬಸ್ಸು ಬಂದು ನಿಲ್ಲುವುದು ನಾಲ್ಕು ರಸ್ತೆ ಕೂಡುವ, ಅಲ್ಲಿಯವರು ರೌಂಡಾನಾ ಎನ್ನುವ ವೃತ್ತದ ಬಳಿ. ಅವಳು ಒಂದು ದಿನವೂ ದಾಟಿರದ ರಸ್ತೆಯನ್ನು ಲಾರಿಗಳ ನಡುವೆ ದಾಟಿ ಅಲ್ಲಿ ನಿಂತಳು. ಗಾಳಿಯಲ್ಲಿ ಸುಟ್ಟ ರಬ್ಬರಿನ ವಾಸನೆಯಿತ್ತು. ಸುತ್ತ ನಿಂತವರೆಲ್ಲ ಮಣಲಿಯ ಕಡೆ ಕೈ ತೋರಿಸಿ ತಮಿಳಿನಲ್ಲಿ ಮಾತಾಡುತ್ತಿದ್ದರು. ಅವರು ಏನು ಹೇಳುತ್ತಿದ್ದಾರೆಂದು ತೇಜುವನ್ನು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಕೇಳಿದರೆ ಕೂಸು ಹೇಳಿಬಿಡುತ್ತಿತ್ತು.

ಬಸ್ಸು ಬಂದಾಗ ದೀಪಗಳು ಹತ್ತಿದ್ದವು. ಪ್ರಭುದೇವ ಉಳಿದವರ ನಡುವೆ ಊಟದ ಡಬ್ಬಿ ಹಿಡಿದು ಎಂದಿನಂತೆಯೇ ಇಳಿದ. ಅವ್ವ ಯಾಕೆ ಇಲ್ಲಿ ಬಂದು ನಿಂತಿದ್ದಾಳೆಂದು ಬೈಯಲು ಹೋದವನು ಅವಳ ಮುಖ ನೋಡಿ ಆದದ್ದನ್ನು ಹೇಳಿದ. ಸಿಡಿದದ್ದು ಪಕ್ಕದ ಗೋದಾಮಿನ ಟ್ಯಾಂಕಂತೆ, ಯಾರಿಗೂ ಪೆಟ್ಟಾಗಿಲ್ಲವಂತೆ. ಜಗದೇವಿ ಅವನ ಕೈ, ಕುತ್ತಿಗೆ, ಬೆನ್ನು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಮನೆಗೆ ಬಂದ ಮೇಲೆ ಮಗಳ ಬಾಯಿಂದ ಇಲಿಯ ಕಥೆ ಕೇಳಿ ಅವನು ಬಿದ್ದು ಬಿದ್ದು ನಕ್ಕ. ತಾಯಿ ನಗಲಿಲ್ಲ.

ಕೆಲವು ದಿನಗಳಲ್ಲಿ ಅಪ್ಪ ಮಗಳು ಇನ್ನೊಂದು ಅಗಲಕಿವಿಯ ಇಲಿಯನ್ನು ಹಿಡಿದು ತಂದರು. ಹೆಸರು ಅದೇ. ಆದರೆ ಅದು ಬೆರಳಿನಷ್ಟು ಮರಿ, ಒಂದು ಬಸವನಹುಳಕ್ಕೂ ಸೋಲುತ್ತಿತ್ತು. ಬೆಳಿಗ್ಗೆ ಮಣಲಿಯ ಬೆಂಕಿ ನೋಡಿದ ಮೇಲೆ ಜಗದೇವಿ ಈಗ ಈ ಮರಿಯನ್ನೂ ನೋಡಬೇಕಾಗಿತ್ತು. ಅದರ ಪಕ್ಕದಲ್ಲಿ ಅವಳ ಎಲೆ ಮದವೇರಿ ನಿಂತಿರುತ್ತಿತ್ತು. ಅದನ್ನು ಕಂಡರೆ ಅವಳಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ತೇಜು ಶಾಲೆಯಲ್ಲಿದ್ದಾಗ ಅವಳು ಬಾಗಿಲಿಗೆ ಚಿಲಕ ಹಾಕಿ, ಕನ್ನಡಕ ಏರಿಸಿ ಕೂತಳು. ಇಲಿಯನ್ನು ಮುಟ್ಟಿದಳು. ಆಮೇಲೆ ಎಲೆಯನ್ನು ಮುಟ್ಟಿದಳು. ಅದೇ ಇಂಗ್ಲಿಷ್ ಪ್ರಶ್ನೆ ಬಂತು. ಈ ಸಲ ಅದು ಏನು ಕೇಳುತ್ತಿದೆಯೆಂದು ಅವಳಿಗೆ ಗೊತ್ತಿತ್ತು. ಆದರೂ ಒತ್ತಿದಳು.

ಶಾಲೆಯಿಂದ ಬಂದ ತೇಜು ಬೂಟು ಬಿಚ್ಚದೆ ಆಟ ತೆರೆದಳು.

"ಈ ಸಲ ತಪ್ಪಿಲ್ಲವ್ವ. ಎಲಿ ನೋಡು, ಹ್ಯಾಂಗ್ ಆಗ್ಯಾದ," ಎಂದಳು ಜಗದೇವಿ. ಈಗ ಅವಳ ಎಲಿ ತಮಿಳಿನ ಎಲಿ.

ಕೂಸು ಪುಟಗಳನ್ನು ಕೊನೆಯವರೆಗೂ ತಳ್ಳಿ ನೋಡಿತು. ಎಲೆ ಎಲ್ಲೂ ಇರಲಿಲ್ಲ. ಜಗಳ ಮಾಡಲಿಲ್ಲ. ಫೋನನ್ನು ಬೋರಲಾಗಿ ಇಟ್ಟು, ಬಂದು ಅಜ್ಜಿಯ ಸೆರಗು ಹಿಡಿಯಿತು. ಅಂದು ಸಂಜೆಯೆಲ್ಲ ಬಿಡಲಿಲ್ಲ. ಬಾಲ್ಕನಿಗೆ ಹೋದರೆ ಬಾಲ್ಕನಿಗೆ, ದೇವರ ಮುಂದೆ ಕೂತರೆ ಅಲ್ಲಿಗೆ. ಬಚ್ಚಲಿಗೆ ಹೋದರೆ ಹೊರಗೆ ನಿಂತು, "ಆಯಿ, ಇರುಕ್ಕಿಯಾ?" ಎಂದು ಕೂಗುತ್ತಿತ್ತು. ಇದ್ದೀಯಾ ಎಂದು ಕೇಳುತ್ತಿದೆಯೆಂದು ಜಗದೇವಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಪ್ರತಿಸಲವೂ, ಇಲ್ಲೇ ಅದೀನಿ ಎನ್ನುತ್ತಿದ್ದಳು.

ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದಿಗೆ ಒಂದು ಸಲ ಅವಳಿಗೆ ಕೇಳಿಸಲಿಲ್ಲ. ತೇಜು ಒಂದು ಕ್ಷಣ ಕಾದಳು. ತನ್ನ ಮಾತು ಅಜ್ಜಿಗೆ ತಿಳಿಯದೆ ಹೋಯಿತೇನೋ ಎಂದು ಅಂಜಿ, ಸೆರಗನ್ನು ಜಗ್ಗಿ, ಅಜ್ಜಿಯ ಮಾತಿನಲ್ಲೇ ಕೇಳಿದಳು.

"ಆಯಿ, ಅದೀಯಾ?"

ಜಗದೇವಿ ಒಲೆ ಆರಿಸಿ ಅವಳನ್ನು ಎತ್ತಿಕೊಂಡಳು.