ಅತ್ತೆಯ ಕೆಮ್ಮು, ನನ್ನ ರಿಸೆಪ್ಟರ್ ಪಾಠ

ಗೆಳೆಯರೇ, ಕಾಡ್ಗಿಚ್ಚಿನ ಹೊಗೆಯಿಂದಾಗಿ ನಾವಿರುವ ಎಜುಕೇಶನ್ ಹಿಲ್ ಬಡಾವಣೆಯಲ್ಲಿ ಇವತ್ತೂ ಕಿಟಕಿ ತೆಗೆಯುವ ಹಾಗಿರಲಿಲ್ಲ. ಮೈಸೂರಿನಿಂದ ಬಂದಿರುವ ನನ್ನ ಅತ್ತೆಗೆ ಆಸ್ತಮಾ. ಬೆಳಗ್ಗೆಯಿಂದ ಇನ್‌ಹೇಲರ್ ಎಳೆದೂ ಎಳೆದೂ ಸುಸ್ತಾಗಿ, "ಯಾಕೋ ಇದು ಕೆಲ್ಸಾನೇ ಮಾಡ್ತಿಲ್ಲ ಅಳಿಯಂದ್ರೇ," ಎಂದರು.

ಔಷಧಿ ಜೀವಕೋಶದ ಮೇಲೆ ಹೇಗೆ ಕೆಲಸ ಮಾಡುತ್ತದೆ, ಯಾಕೆ ನಿಲ್ಲಿಸುತ್ತದೆ, ಲ್ಯಾಬಿನಲ್ಲಿ ನಾನು ದಿನವಿಡೀ ನೋಡುವುದು ಇದನ್ನೇ. ಶುರು ಮಾಡಿಯೇಬಿಟ್ಟೆ.

"ಜೀವಕೋಶದ ಮೈಮೇಲೆ ರಿಸೆಪ್ಟರ್ ಅಂತ ಇರತ್ತೆ ಅತ್ತೆ. ಔಷಧಿ ಬಂದು ಮುಟ್ಟಿದ್ರೆ, ಅದು ಒಳಗಿರೋ ಜಿ ಪ್ರೋಟೀನನ್ನ ಎಬ್ಬಿಸತ್ತೆ. ಜಿ ಪ್ರೋಟೀನ್ ಸುದ್ದಿ ಮುಂದೆ ದಾಟಿಸತ್ತೆ, ಆಗ ಉಸಿರುನಾಳ ಸಡಿಲ ಆಗತ್ತೆ. ಒಂದೇ ಸಮ ಮುಟ್ತಾನೇ ಇದ್ರೆ ಕೋಶಕ್ಕೂ ಸಾಕಾಗಿ, ರಿಸೆಪ್ಟರನ್ನೇ ಒಳಗೆ ಎಳ್ಕೊಂಡ್ಬಿಡತ್ತೆ. ಆಮೇಲೆ ಔಷಧಿ ಬಂದ್ರೂ ಅದಕ್ಕೆ ಗೊತ್ತಾಗಲ್ಲ."

ಮಗಳ ವೈಟ್‌ಬೋರ್ಡಿನ ಮೇಲೆ ಚಿತ್ರವನ್ನೂ ಬರೆಯತೊಡಗಿದ್ದೆ. ಹೆಂಡತಿ ಕಾರಿನ ಕೀ ತಂದು ನನ್ನ ಕೈಗೆ ತುರುಕಿದಳು.

"ಅಮ್ಮಂಗೆ ಉಸಿರು ಸಿಗ್ತಿಲ್ಲ, ಕಾಣಿಸ್ತಿಲ್ವಾ? ಪಾಠ ಆಮೇಲೆ ಮಾಡಿ."

ಕ್ಲಿನಿಕ್ಕಿನಲ್ಲಿ ಮೂಗು ಬಾಯಿಗೆ ಮಾಸ್ಕ್ ಹಾಕಿ ಔಷಧಿಯ ಆವಿ ಕೊಟ್ಟರು. ಮಾತಾಡುವಷ್ಟು ಉಸಿರು ಬಂದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದರು.

"ನಿಮ್ಮ ಪಾಠ ಅರ್ಥ ಆಯ್ತು. ನಾನು ಬಂದ ಹೊಸದ್ರಲ್ಲಿ ಒಂದು ಸಲ ಕೆಮ್ಮಿದ್ರೆ ಓಡಿ ಬರ್ತಿದ್ರಿ. ಈಗ ಕೆಮ್ಮಿದ್ರೆ ಟೀವಿ ಸೌಂಡ್ ಜಾಸ್ತಿ ಮಾಡ್ತೀರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ಪಾಠ ಒಪ್ಪಿಸುವವರಂತೆ ಹೇಳಿ ಕಣ್ಣು ಮುಚ್ಚಿಕೊಂಡರು.

ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಕೋಶದ ರಿಸೆಪ್ಟರ್ ತಾನಾಗಿ ಮತ್ತೆ ಮೇಲೆ ಬರುತ್ತದೆ. ಅಳಿಯಂದಿರ ವಿಷಯದಲ್ಲಿ ಅಂಥ ಪುರಾವೆ ಇನ್ನೂ ಸಿಕ್ಕಿಲ್ಲ.